ಎಡಗಾಲು ಗಾಳಿಯಲ್ಲಿದ್ದಾಗ

ಆಕೆ ಬಾಗಿಲಿಗೆ ಬರುವ ಮೊದಲೇ ಆಕೆಯ ಹೆಜ್ಜೆ ನನ್ನ ಕಿವಿಗೆ ಬಿತ್ತು. ಬಲಗಾಲಿಗೆ ಸದ್ದಿಲ್ಲ, ಎಡಗಾಲಿಗೆ ಮಾತ್ರ ‘ಟಪ್’. ಮತ್ತೆ ಸದ್ದಿಲ್ಲ, ಮತ್ತೆ ‘ಟಪ್’. ಚಿಂತಾಮಣಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕು ಇರುವುದು ಮೊದಲನೇ ಮಹಡಿಯಲ್ಲಿ. ಕಾಲು ಸರಿಯಿಲ್ಲದವರಿಗೆಂದೇ ಇರುವ ಜಾಗವನ್ನು ಇಪ್ಪತ್ತೆರಡು ಮೆಟ್ಟಿಲ ಮೇಲೆ ಇಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಕೆಳಗಿನ ರಸ್ತೆಯಲ್ಲಿ ಟೊಮೆಟೊ ಲಾರಿಗಳ ಗಲಾಟೆ. ಅದರ ನಡುವೆಯೂ ಆ ಸದ್ದು ಕೇಳಿಸಿತು ಎಂದರೆ ನಾನು ಬಹಳ ಜಾಣೆ ಎಂದಲ್ಲ. ಈ ಕೆಲಸದವರಿಗೆ ಅದೊಂದು ಚಟ. ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಜನರ ಮುಖ ನೋಡುವುದಿಲ್ಲ, ಕಾಲು ನೋಡುತ್ತೇವೆ. ಎಷ್ಟೋ ಪರಿಚಯದವರನ್ನು ಹಿಂದಿನಿಂದ ನಡಿಗೆಯಲ್ಲೇ ಗುರುತು ಹಿಡಿದಿದ್ದೇನೆ, ಎದುರಿಗೆ ಸಿಕ್ಕಾಗ ಹೆಸರು ಮರೆತು ಬೈಸಿಕೊಂಡಿದ್ದೇನೆ.

ಬಂದವರು ಶಿಡ್ಲಘಟ್ಟದ ಹೆಂಗಸು, ನಲವತ್ತರ ಆಸುಪಾಸು, ಕಪ್ಪು ಬುರ್ಖಾ. ಜೊತೆಗೆ ಗಂಡ, ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರು. ನಮ್ಮೂರಿನ ಮೂಳೆ ಡಾಕ್ಟರು ಕೊಟ್ಟ ಚೀಟಿಯಲ್ಲಿ ಎಲ್ಲವೂ ತೀರ್ಮಾನವಾಗಿಯೇ ಇತ್ತು: ಬೆನ್ನಿನ ಡಿಸ್ಕು ಸರಿದು ನರ ಒತ್ತಿದೆ, ಅದರಿಂದ ಎಡ ಪಾದ ಬಿದ್ದಿದೆ, ಬೆನ್ನಿನ ವ್ಯಾಯಾಮ ಮಾಡಿಸಿ, ಪಾದಕ್ಕೆ ಕರೆಂಟು ಕೊಡಿ.

ನಾನು ಫಾರಂ ತೆಗೆದೆ. ಹೆಸರು, ವಯಸ್ಸು, ಊರು.

“ಏನ್ ಕೆಲ್ಸ ಮಾಡ್ತೀರಮ್ಮ?”

“ಏನಿಲ್ಲ ಡಾಕ್ಟ್ರಮ್ಮ. ಮನೇಲೇ ಇರೋದು.”

“ಮನೇಲೇ ಮೇಡಂ,” ಎಂದು ಗಂಡನೂ ದನಿ ಸೇರಿಸಿದರು.

‘ಗೃಹಿಣಿ’ ಎಂದು ಬರೆದೆ. ಎರಡು ಸೆಕೆಂಡು ಹಿಡಿಯಿತು. ಎರಡು ತಿಂಗಳ ಹಿಂದೆ ಟೈಫಾಯಿಡ್ ಬಂದು ತಿಂಗಳು ಮಲಗಿದ್ದರಂತೆ, ಮೈಯೆಲ್ಲ ಇಳಿದುಹೋಗಿ ಬಳೆ ತಾವಾಗಿಯೇ ಜಾರುತ್ತಿದ್ದವಂತೆ. ಅದನ್ನೂ ‘ಹಿಂದಿನ ಕಾಯಿಲೆ’ ಎಂಬ ಕಡೆ ಬರೆದು, ಬರೆದದ್ದಕ್ಕೇ ನನ್ನ ಕೆಲಸ ಮುಗಿಯಿತೆಂಬಂತೆ ಪುಟ ತಿರುಗಿಸಿದೆ.

ನಮ್ಮ ಕ್ಲಿನಿಕ್ಕಿನ ಓಣಿಯಲ್ಲಿ ಆರು ಮೀಟರ್ ಉದ್ದಕ್ಕೆ ನೀಲಿ ಟೇಪು ಅಂಟಿಸಿದ್ದೇವೆ. ಹೊಸದಾಗಿ ಬಂದವರನ್ನೆಲ್ಲ ಮೊದಲು ಅದರ ಮೇಲೆ ನಡೆಸುತ್ತೇವೆ. ನಡಿಗೆ ಎನ್ನುವುದು ನಡೆಯುವವರೆಗೂ ಸುಲಭ, ನೋಡಲು ಕೂತರೆ ಕಷ್ಟ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಪಾದ ಮೆಲ್ಲಗೆ ಉರುಳಿ ಬೆರಳುಗಳು ನೆಲ ಒದೆಯಬೇಕು. ಆಮೇಲೆ ಕಾಲು ಗಾಳಿಯಲ್ಲಿರುವ ಆ ಅರೆಕ್ಷಣದಲ್ಲಿ ಮೊಣಕಾಲ ಕೆಳಗಿನ ಮುಂದಿನ ಸ್ನಾಯು ಪಾದವನ್ನು ಮೇಲಕ್ಕೆ ಹಿಡಿದುಕೊಂಡಿರಬೇಕು, ಇಲ್ಲದಿದ್ದರೆ ಬೆರಳು ನೆಲಕ್ಕೆ ತಗಲುತ್ತದೆ. ಆಕೆಗೆ ಆ ಹಿಡಿತವೇ ಹೋಗಿತ್ತು. ಎಡವಬಾರದೆಂದು ಮೆಟ್ಟಿಲು ಹತ್ತುವವರ ಹಾಗೆ ಮಂಡಿಯನ್ನು ಎತ್ತಿ ಎತ್ತಿ ಇಡುತ್ತಿದ್ದರು. ಇಳಿಸುವಾಗ ಪಾದ ಹಿಡಿತವಿಲ್ಲದೆ ಬಿದ್ದು ಆ ಸದ್ದಾಗುತ್ತಿತ್ತು.

ಬುರ್ಖಾದ ಅಂಚನ್ನು ಸ್ವಲ್ಪ ಎತ್ತಿ ಹಿಡಿದು ನಡೆಯಿರಿ ಎಂದೆ. ಮೊದಲ ಸುತ್ತಿನಲ್ಲಿ ಪಾದ ನೋಡಿದೆ. ಎರಡನೇ ಸುತ್ತಿನಲ್ಲಿ ಭುಜ ನೋಡಿದೆ. ಮೈ ಒಂದು ಕಡೆಗೆ ವಾಲುತ್ತಿತ್ತು. ಎಡಗಡೆ ಮೇಲೆ, ಬಲಗಡೆ ಕೆಳಗೆ. ‘ಎಡಗಾಲ ಮೇಲೆ ನಿಂತಾಗ ಸೊಂಟ ಬಲಕ್ಕೆ ಕುಸಿಯುತ್ತಿದೆ’ ಎಂದು ಬರೆದುಕೊಂಡೆ, ಡಾಕ್ಟರಿಗೆ ಕಳಿಸಿದ ರಿಪೋರ್ಟಿನಲ್ಲೂ ಅದನ್ನೇ ಹಾಕಿದೆ. ಬೆನ್ನಿನಲ್ಲಿ ಯಾವ ನರದ ಬೇರು ಒತ್ತಿದರೆ ಪಾದ ಬೀಳುತ್ತದೋ, ಸೊಂಟವನ್ನು ಎತ್ತಿ ಹಿಡಿಯುವ ಸ್ನಾಯುವಿಗೂ ಹೋಗುವುದು ಅದೇ ಬೇರು. ಚೀಟಿಯಲ್ಲಿದ್ದ ಮಾತಿಗೆ ನನ್ನ ಕಣ್ಣು ಕಂಡದ್ದು ಸರಿಯಾಗಿ ಕೂತಿತು. ಈಗ ಅನ್ನಿಸುತ್ತದೆ, ಚೀಟಿ ಓದಿದ ಮೇಲೆ ನಾನು ನೋಡಿದ್ದೇ ಅದನ್ನು.

ಬುರ್ಖಾ ತೆಗೆಯಿರಿ ಎಂದು ಕೇಳಲಿಲ್ಲ. ಒಳಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಇತ್ತು. ಆದರೂ ಕೇಳಲಿಲ್ಲ. ಸುಮ್ಮನೆ ಯಾಕೆ ಅವರಿಗೆ ಮುಜುಗರ ಎಂದುಕೊಂಡೆ. ಮುಜುಗರ ಯಾರದ್ದು ಎಂದು ಯೋಚಿಸಲಿಲ್ಲ.

ವಾರಕ್ಕೆ ಮೂರು ದಿನ ಆಕೆ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬೆನ್ನಿನ ವ್ಯಾಯಾಮ, ಪಾದದ ಸ್ನಾಯುವಿಗೆ ಕರೆಂಟು, ಆಮೇಲೆ ನೀಲಿ ಟೇಪಿನ ಮೇಲೆ ನಡಿಗೆ. ಪಾದ ಎತ್ತಿ ಹಿಡಿಯಲಿ ಎಂದು ಪ್ಲಾಸ್ಟಿಕ್ಕಿನ ಸ್ಪ್ಲಿಂಟು ತರಿಸಿದೆ. ಹಿಮ್ಮಡಿಯಿಂದ ಮಂಡಿಯ ಕೆಳಗಿನವರೆಗೆ ಬರುವ ಅಚ್ಚು, ಮೇಲುಗಡೆ ಒಂದು ಪಟ್ಟಿ. ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಸಡಿಲ ಇದ್ದರೆ ಪ್ರಯೋಜನವಿಲ್ಲ ಎಂದು ನಾನೇ ಹೇಳಿಕೊಟ್ಟೆ.

ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುವುದು ನಮ್ಮ ಪದ್ಧತಿ. ಬಂದ ದಿನ ಪಾದ ಎತ್ತುವ ಬಲ ಒಂದು ಇತ್ತು. ಎಂದರೆ ಪಾದ ಏಳುವುದಿಲ್ಲ, ಆದರೆ ಬೆರಳಿಟ್ಟರೆ ಚರ್ಮದ ಕೆಳಗೆ ಏನೋ ಮಿಡಿದ ಹಾಗೆ ಆಗುತ್ತದೆ. ನಾಲ್ಕನೇ ವಾರಕ್ಕೆ ಆ ಮಿಡಿತವೂ ಹೋಯಿತು. ನನಗೆ ಸಿಟ್ಟು ಬಂತು. ಸಿಟ್ಟು ಬರಬೇಕಾದದ್ದು ನನ್ನ ಮೇಲೆ, ಆದರೆ ಎದುರಿಗಿದ್ದವರು ಅವರು.

“ಮನೇಲಿ ಎಕ್ಸರ್‌ಸೈಜ್ ಮಾಡ್ತಿಲ್ಲ ಅಲ್ವಾ ನೀವು?”

“ಮಾಡ್ತೀನಿ ಡಾಕ್ಟ್ರಮ್ಮ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ.”

“ಮಾಡಿದ್ರೆ ಹಿಂಗಿರ್ತಿತ್ತಾ? ನಾನು ಇಲ್ಲಿ ಎಷ್ಟು ಮಾಡಿದ್ರೂ ನೀವು ಮನೇಲಿ ಸುಮ್ನಿದ್ರೆ ಕಾಲು ಬರಲ್ಲಮ್ಮ.”

ಆಕೆ ತಲೆ ತಗ್ಗಿಸಿ ಸ್ಪ್ಲಿಂಟಿನ ಪಟ್ಟಿ ಬಿಗಿ ಮಾಡಿಕೊಂಡರು.

ಐದನೇ ವಾರ ಗಂಡ ಬಂದು ಸುದ್ದಿ ಹೇಳಿದರು. ಬಲ ಕಮ್ಮಿಯಾಗುತ್ತಾ ಹೋಗುತ್ತಿದೆ, ಇನ್ನು ಕಾಯುವುದು ಬೇಡ ಎಂದು ಮೂಳೆ ಡಾಕ್ಟರು ಬೆಂಗಳೂರಿನ ಸರ್ಜನ್ನರ ಹತ್ತಿರ ಕಳಿಸಿದ್ದರು. ಬೆನ್ನಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಇನ್ನು ಹದಿನಾಲ್ಕು ದಿನ.

ಗಂಡ ಕೆಳಗೆ ಬೈಕು ತೆಗೆಯಲು ಹೋದಾಗ ಆಕೆ ಕೇಳಿದರು, “ಆಪರೇಷನ್ ಆದ್ರೆ ಕಾಲು ಬರತ್ತಾ ಡಾಕ್ಟ್ರಮ್ಮ?”

“ಬರಬೋದು.”

“ಬರಬೋದು ಅಂದ್ರೆ?”

ನಾನು ಮೆಷಿನ್ನಿನ ವೈರು ಸುತ್ತುತ್ತಿದ್ದೆ. ಆಕೆ ಎದ್ದು ಹೊರಡಲು ದಾರಿಗೆ ಅಡ್ಡ ಇದ್ದ ಸ್ಟೂಲನ್ನು ಕಾಲಲ್ಲೇ ಸರಿಸಿದರು. ಎಡ ಪಾದದ ಒಳ ಅಂಚನ್ನು ಸ್ಟೂಲಿನ ಕಾಲಿಗೆ ಕೊಕ್ಕೆಯಂತೆ ಹಾಕಿ ಬಲಗಡೆಗೆ ಎಳೆದರು. ಕಬ್ಬಿಣದ ಸ್ಟೂಲು ಅದು, ನೆಲದ ಮೇಲೆ ಕಿರ್ರೆಂದು ಸರಿಯಿತು.

ನಾನು ವೈರು ಹಿಡಿದುಕೊಂಡೇ ನಿಂತೆ. ಆಕೆ ಮೆಟ್ಟಿಲಿಳಿದು ಹೋದ ಮೇಲೆ ಆ ಸ್ಟೂಲನ್ನು ನನ್ನ ಪಾದದಿಂದ ಎಳೆದು ನೋಡಿದೆ. ಬಲ ಬೇಕು ಅದಕ್ಕೆ. ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವಿಗೆ ಹೋಗುವ ನರ ಬೇರೆ, ಮೀನಖಂಡದ ಹಿಂದೆ ಇಳಿಯುತ್ತದೆ. ಆದರೆ ಬೆನ್ನಿನಲ್ಲಿ ಅದಕ್ಕೂ ಬೇರು ಅದೇ. ಬೆನ್ನಿನಲ್ಲೇ ಒತ್ತಿದ್ದರೆ ಪಾದ ಎತ್ತುವ ಬಲದ ಜೊತೆ ಈ ಬಲವೂ ಹೋಗಬೇಕಿತ್ತು. ಹೋಗಿರಲಿಲ್ಲ. ಪರೀಕ್ಷೆಗೆ ಓದಿ ಬರೆದ ವಿಷಯ ಇದು. ಐದು ವಾರದಲ್ಲಿ ನಾನು ಒಂದು ಸಲವೂ ಆ ಪಾದವನ್ನು ಒಳಕ್ಕೆ ತಳ್ಳಿಸಿ ನೋಡಿರಲಿಲ್ಲ.

ಅವತ್ತು ಸಂಜೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಿಂದ ವರಾಂಡಕ್ಕೆ, ವರಾಂಡದಿಂದ ಅಡುಗೆಮನೆಗೆ ಓಡಾಡಿದೆ. ಅಮ್ಮ ಸೊಪ್ಪು ಬಿಡಿಸುತ್ತಾ, “ಏನೇ ಅದು, ಬೆಕ್ಕು ಮರಿ ಹಾಕೋ ಮುಂಚೆ ಓಡಾಡ್ದಂಗೆ,” ಎಂದರು. ಆಕೆಗೆ ಬೆನ್ನು ನೋವು ಇದೆಯಾ ಎಂದು ಎಂದೋ ಕೇಳಿದ್ದೆ. “ಎಲ್ಲಾರ್ಗೂ ಇರೋ ಅಷ್ಟೇ,” ಎಂದಿದ್ದರು. ಅದೂ ಈಗ ತಲೆಯಲ್ಲಿ ಕೊರೆಯತೊಡಗಿತು. ಒಂದೇ ಒಂದು ವಿಷಯ ಮಾತ್ರ ಡಿಸ್ಕಿನ ಪರವಾಗಿತ್ತು, ಅದು ನಾನೇ ಬರೆದದ್ದು. ಸೊಂಟ ಕುಸಿಯುತ್ತಿದೆ ಎಂಬ ಸಾಲು.

ಮುಂದಿನ ಸಲ ಆಕೆ ಬಂದಾಗ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. “ನಿಮ್ಮ ಸೊಂಟ ನೋಡಬೇಕಮ್ಮ ನಡೆಯೋವಾಗ. ಬುರ್ಖಾ ತೆಗೆದು ನಡೀತೀರಾ? ಇಲ್ಲಿ ನಾನೊಬ್ಬಳೇ ಇರ್ತೀನಿ.” ಇಷ್ಟು ಹೇಳಲು ನಾನು ಗಂಟಲು ಸರಿಮಾಡಿಕೊಂಡಿದ್ದೆ.

“ಅದಕ್ಕೇನಂತೆ,” ಎಂದು ಆಕೆ ಬುರ್ಖಾ ಬಿಚ್ಚಿ ಮಡಚಿ ಮಂಚದ ಮೇಲಿಟ್ಟರು. “ನೀವು ಕೇಳ್ಲೇ ಇಲ್ವಲ್ಲ. ಆ ದೊಡ್ಡಾಸ್ಪತ್ರೇಲಿ ಎಲ್ಲಾ ತೆಗೆಸಿ ಸ್ಕ್ಯಾನಿಗೆ ಹಾಕಿದ್ರು.”

ಸಲ್ವಾರ್ ಕಮೀಜ್ ಮೇಲೂ ಸೊಂಟದ ಮೂಳೆ ಕಾಣಿಸುವುದಿಲ್ಲ. ಸೀರೆಯಲ್ಲಂತೂ ಇನ್ನೂ ಕಾಣುವುದಿಲ್ಲ, ನೆರಿಗೆಯೊಳಗೆ ಎಲ್ಲ ಮುಚ್ಚಿಹೋಗುತ್ತದೆ. ಕೆಳಗಿನ ಅಂಗಡಿಯಿಂದ ಲಂಗದ ಲಾಡಿ ತರಿಸಿದ್ದೆ, ಬಿಳಿ ಬಣ್ಣದ್ದು. ಸೊಂಟದ ಎರಡೂ ಕಡೆಯ ಮೂಳೆಯ ತುದಿ ಹುಡುಕಿ, ಅದರ ಮೇಲೆ ಬರುವ ಹಾಗೆ ಲಾಡಿಯನ್ನು ಕಮೀಜಿನ ಮೇಲೆ ಬಿಗಿಯಾಗಿ ಕಟ್ಟಿದೆ. ಫೋನನ್ನು ಸ್ಟೂಲಿನ ಮೇಲೆ ಒರಗಿಸಿ ಅದೇ ಎತ್ತರಕ್ಕೆ ಇಟ್ಟು, ನಿಧಾನಗತಿಯ ವಿಡಿಯೋ ಹಾಕಿದೆ. ಆಕೆ ಗೋಡೆಯವರೆಗೆ ನಡೆದು ಹೋದರು, ತಿರುಗಿ ಬಂದರು. ನಾಲ್ಕು ಸಲ.

ಇಬ್ಬರೂ ಮಂಚದ ಅಂಚಿನಲ್ಲಿ ಕೂತು ವಿಡಿಯೋ ನೋಡಿದೆವು. ಬಿಳಿ ಲಾಡಿ ಒಂದು ಗೆರೆಯಾಗಿ ಕಾಣುತ್ತಿತ್ತು. ಒಂದು ಕಡೆ ಓರೆಯಾಗುತ್ತಿದ್ದುದು ನಿಜ, ಎಡತುದಿ ಮೇಲೆ, ಬಲತುದಿ ಕೆಳಗೆ. ನಾನು ನೋಡಿದ್ದು ತಪ್ಪಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಯಿತು, ನಾಚಿಕೆಗೇಡು. ಆಗ ಆಕೆ ಪರದೆಯ ಮೇಲೆ ಬೆರಳಿಟ್ಟರು.

“ಇದು ಕಾಲೆತ್ತಿದಾಗ ಮಾತ್ರ ಮೇಲಕ್ಕೋಗತ್ತೆ, ನೋಡಿ. ಊರಿದಾಗ ಸಮ ಆಗತ್ತೆ.”

ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಎಡಗಾಲು ಗಾಳಿಯಲ್ಲಿದ್ದಾಗ ಲಾಡಿಯ ಎಡತುದಿ ಮೇಲೇಳುತ್ತಿತ್ತು. ಎಡಗಾಲು ನೆಲಕ್ಕೆ ಊರಿ ಅದರ ಮೇಲೆ ಪೂರ್ತಿ ಭಾರ ಬಿದ್ದಾಗ ಲಾಡಿ ಅಡ್ಡಕ್ಕೆ ನೆಟ್ಟಗೆ ನಿಲ್ಲುತ್ತಿತ್ತು. ಸೊಂಟದ ಸ್ನಾಯು ಸೋತಿದ್ದರೆ ಇದು ತಿರುಗಾಮುರುಗಾ ಆಗಬೇಕಿತ್ತು, ಎಡಗಾಲ ಮೇಲೆ ನಿಂತ ಹೊತ್ತಿನಲ್ಲಿ ಬಲಗಡೆ ಕೆಳಗಿಳಿಯಬೇಕಿತ್ತು. ಇಲ್ಲಿ ಸೊಂಟ ಕುಸಿಯುತ್ತಿರಲಿಲ್ಲ. ಬೆರಳು ನೆಲಕ್ಕೆ ತಗಲದಿರಲಿ ಎಂದು ಆಕೆ ಸೊಂಟವನ್ನು ಬೇಕೆಂದೇ ಮೇಲಕ್ಕೆತ್ತುತ್ತಿದ್ದರು. ಎರಡೂ ಸಂದರ್ಭದಲ್ಲಿ ಓರೆ ಒಂದೇ, ಕ್ಷಣ ಬೇರೆ. ಪಾದವನ್ನು ಒಂದು ಸುತ್ತಿನಲ್ಲಿ, ಭುಜವನ್ನು ಇನ್ನೊಂದು ಸುತ್ತಿನಲ್ಲಿ ನೋಡಿದ ನನಗೆ ಯಾವ ಕ್ಷಣದಲ್ಲಿ ಯಾವುದು ಎಂದು ಗೊತ್ತಾಗುವುದಾದರೂ ಹೇಗೆ.

ಆಕೆಯನ್ನು ಮಲಗಿಸಿ ಪಾದವನ್ನು ಒಳಕ್ಕೆ ತಳ್ಳಿಸಿ ನೋಡಿದೆ, ಬಲ ಪೂರ್ತಿ ಇತ್ತು. ಆಮೇಲೆ ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ ಇರುವ ಗುಬುಟು ಮೂಳೆಯ ಹತ್ತಿರ ಬೆರಳಿನಿಂದ ತಟ್ಟಿದೆ. ಪಾದ ಎತ್ತುವ ನರ ಅಲ್ಲಿ ಮೂಳೆಯನ್ನು ಸುತ್ತಿಕೊಂಡು ಚರ್ಮದ ತೀರಾ ಕೆಳಗೆ ಹಾದುಹೋಗುತ್ತದೆ.

“ಅಯ್ಯೋ, ಕರೆಂಟ್ ಹೊಡ್ದಂಗಾಯ್ತು. ಪಾದದ್ ಮೇಲ್ಗಂಟ ಹೋಯ್ತು.”

ಅದೇ ಜಾಗದಲ್ಲಿ ಚರ್ಮ ಕೆಂಪಾಗಿ, ಒಂದು ಗೆರೆ ಬಿದ್ದಿತ್ತು. ನಾನು ತರಿಸಿಕೊಟ್ಟ ಸ್ಪ್ಲಿಂಟಿನ ಪಟ್ಟಿಯ ಗೆರೆ. ಬಿಗಿಯಾಗಿ ಕಟ್ಟಿಕೊಳ್ಳಿ ಎಂದಿದ್ದೆನಲ್ಲ. ಕತ್ತರಿ ತೆಗೆದುಕೊಂಡು ಆ ಪಟ್ಟಿಯನ್ನು ಅಲ್ಲೇ ಕತ್ತರಿಸಿ, ನಾಲ್ಕು ಬೆರಳು ಕೆಳಗೆ ಹೊಲಿದುಕೊಡಲೆಂದು ಸ್ಪ್ಲಿಂಟನ್ನು ಎದುರಿನ ಟೈಲರ್ ಹತ್ತಿರ ಕಳಿಸಿದೆ.

ಆದರೆ ಪಾದ ಬಿದ್ದದ್ದು ಸ್ಪ್ಲಿಂಟಿಗಿಂತ ಮೊದಲು. ಅಲ್ಲಿ ಮೊದಲು ಒತ್ತಿದ್ದು ಯಾವುದು? ಕಾಲ ಮೇಲೆ ಕಾಲು ಹಾಕಿ ಕೂರುತ್ತೀರಾ ಎಂದು ಕೇಳಿದೆ. ಇಲ್ಲ. ಏಟು ಬಿದ್ದಿತ್ತಾ? ಇಲ್ಲ. ಮಂಡಿಗೆ ಬೆಲ್ಟು, ಕಟ್ಟು? ಇಲ್ಲ. ಕಾರಣ ತೋರಿಸದೆ ಮೂಳೆ ಡಾಕ್ಟರ ಮುಂದೆ ಹೋಗಿ ನಿಂತರೆ ಎರಡೇ ನಿಮಿಷದಲ್ಲಿ ಆಚೆ ಕಳಿಸುತ್ತಾರೆ. ಆಪರೇಷನ್ನಿಗೆ ಹನ್ನೆರಡು ದಿನ ಉಳಿದಿತ್ತು. ಮಾರನೇ ದಿನ ಕ್ಲಿನಿಕ್ಕಿಗೆ ರಜೆ ಹಾಕಿ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ಅವರ ಬೀದಿಗೆ ತಿರುಗುವಾಗಲೇ ಬೇಯಿಸಿದ ರೇಷ್ಮೆಗೂಡಿನ ವಾಸನೆ ಮೂಗಿಗೆ ಹೊಡೆಯಿತು. ಮನೆಯ ಹಿಂದುಗಡೆ ತಗಡಿನ ಶೆಡ್ಡು, ಅದರೊಳಗೆ ನೂಲು ಬಿಚ್ಚುವ ಯಂತ್ರಗಳ ಸದ್ದು, ಆವಿ. ಮುಂದಿನ ಹಜಾರದ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯಿಂದ ಗೋಡೆಗೆ ಹಳದಿ ಗೂಡಿನ ರಾಶಿ, ಅದರ ಅಂಚಿನಲ್ಲಿ ಮೂವರು ಹೆಂಗಸರು. ಆಕೆ, ಆಕೆಯ ಅತ್ತೆ, ಒಬ್ಬ ನಾದಿನಿ. ಬೆಳಗಿನ ಹರಾಜಿನಲ್ಲಿ ಕೊಂಡ ಗೂಡು ಬಂದು ಬಿದ್ದಿತ್ತು. ಜೋಡಿ ಗೂಡು, ಕಲೆ ಬಿದ್ದ ಗೂಡು, ತೆಳುವಾದದ್ದು ಇವನ್ನೆಲ್ಲ ಆರಿಸಿ ಬೇರೆ ಹಾಕದಿದ್ದರೆ ಶೆಡ್ಡಿನಲ್ಲಿ ಎಳೆ ಕಡಿಯುತ್ತಲೇ ಇರುತ್ತದೆ.

ಆಕೆ ಕೂತ ರೀತಿಯನ್ನು ನಾನು ಹೊಸಿಲಲ್ಲೇ ನಿಂತು ನೋಡಿದೆ. ಬಲ ಮಂಡಿಯನ್ನು ನೆಲಕ್ಕೆ ಊರಿದ್ದರು. ಎಡಗಾಲು ಪೂರ್ತಿ ಮಡಚಿ ಕುಕ್ಕರಗಾಲು, ಮೈಯ ಭಾರವೆಲ್ಲ ಅದರ ಮೇಲೆ. ಕೈ ಮಾತ್ರ ಆಡುತ್ತಿತ್ತು. ಮೊರ ತುಂಬಿದಾಗ ಅದನ್ನು ಪಕ್ಕಕ್ಕೆ ತಳ್ಳುತ್ತಿದ್ದರೇ ಹೊರತು ಕಾಲು ಬದಲಿಸುತ್ತಿರಲಿಲ್ಲ.

“ಬೈಠೋ ಬೇಟಿ,” ಎಂದು ಅತ್ತೆ ಕುರ್ಚಿ ತೋರಿಸಿದರು. ಕೂತೆ. ಕೆಲಸ ನಿಲ್ಲಿಸಬೇಡಿ ಎಂದೆ. ಗಡಿಯಾರ ನೋಡಿಕೊಂಡು ಕೂತೆ. ನಲವತ್ತು ನಿಮಿಷ ಆಕೆ ಆ ಕಾಲನ್ನು ಬಿಚ್ಚಲಿಲ್ಲ.

“ಇದನ್ನ ದಿನಾ ಮಾಡ್ತೀರಾ?”

“ಗೂಡು ಬಂದ್ ದಿನಾ ಎಲ್ಲಾ ಮಾಡ್ಲೇಬೇಕಲ್ಲ. ಮೂರ್ ಗಂಟೆ, ನಾಲ್ಕ್ ಗಂಟೆ. ಜ್ವರ ಬಂದು ಮಲಗಿದ್ನಲ್ಲ, ಆಗ ಇವ್ರಿಬ್ರೇ ಒದ್ದಾಡಿದಾರೆ. ಎದ್ಮೇಲೆ ನಾನೇ ಜಾಸ್ತಿ ಕೂತೆ.”

“ಕೆಲ್ಸ ಏನು ಅಂತ ಕೇಳಿದಾಗ ಯಾಕಮ್ಮ ಹೇಳ್ಲಿಲ್ಲ?”

ಆಕೆ ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು. “ಇದು ಕೆಲ್ಸ ಅಲ್ವಲ್ಲ ಡಾಕ್ಟ್ರಮ್ಮ. ಕೆಲ್ಸ ಆಗೋದು ಹಿಂದ್ಗಡೆ, ಶೆಡ್ಡಲ್ಲಿ. ಇದು ಮನೇದು.”

ಶೆಡ್ಡಿನಲ್ಲಿ ನೂಲು ತೆಗೆಯುವವರು ಕೂಲಿಯವರು, ಬೆಳಿಗ್ಗೆ ಬರುತ್ತಾರೆ, ಸಂಜೆ ಹೋಗುತ್ತಾರೆ. ಅದು ಕೆಲಸ. ಹಜಾರದಲ್ಲಿ ಮನೆಯ ಹೆಂಗಸರು ಗೂಡು ಆರಿಸುವುದು ಅಕ್ಕಿ ಆರಿಸಿದ ಹಾಗೆ, ಬಟ್ಟೆ ಮಡಚಿದ ಹಾಗೆ. ಆಕೆ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಮ್ಮನನ್ನು ಯಾರಾದರೂ ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಆದರೆ ಗೂಡಿನ ಊರಿನಿಂದ ಬಂದವರು ಮನೆಯಲ್ಲೇ ಇರುತ್ತೇನೆ ಎಂದಾಗ, ಮನೆಯಲ್ಲಿ ಹೇಗೆ ಕೂರುತ್ತೀರಿ, ಎಷ್ಟು ಹೊತ್ತು ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಈ ಸೀಮೆಯಲ್ಲೇ ಹುಟ್ಟಿದ ನಾನು ‘ಗೃಹಿಣಿ’ ಎಂದು ಬರೆದು ಕೈತೊಳೆದುಕೊಂಡಿದ್ದೆ.

ಹೀಗೆ ಕಾಲು ಮಡಚಿ ಕೂತರೆ ಮಂಡಿಯ ಪಕ್ಕದ ನರ ಒತ್ತುತ್ತದೆ ಎಂಬ ನನ್ನ ವಿವರಣೆ ಅತ್ತೆಗೆ ಒಪ್ಪಿಗೆಯಾಗಲಿಲ್ಲ. “ನಮ್ಮತ್ತೆ ಕಾಲದಿಂದ ಹಿಂಗೇ ಕೂರೋದಮ್ಮ. ಯಾರ್ ಕಾಲೂ ಬಿದ್ದಿಲ್ಲ.”

“ನಿಮ್ಗೆಲ್ಲಾ ಆ ಮೂಳೆ ಹತ್ರ ಸ್ವಲ್ಪ ಕೊಬ್ಬು ಇರತ್ತೆ, ನರಕ್ಕೆ ದಿಂಬಿದ್ದಂಗೆ. ಇವ್ರಿಗೆ ಜ್ವರದಲ್ಲಿ ಮೈ ಇಳ್ದು ಅದು ಕರಗೋಗಿತ್ತು. ಅದರ ಮೇಲೆ ದಿನಾ ನಾಲ್ಕ್ ಗಂಟೆ ಒತ್ತಿದಾರೆ.”

ಅಷ್ಟು ಹೊತ್ತಿಗೆ ಗಂಡ ಶೆಡ್ಡಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಅವರ ಪ್ರಶ್ನೆ ನೇರವಾಗಿತ್ತು. “ನಿಮ್ಮ ಮಾತು ನಂಬಿ ಆಪರೇಷನ್ ಬಿಟ್ಟು, ಇವ್ಳ ಕಾಲು ಪೂರ್ತಿ ಹೋದ್ರೆ ಯಾರನ್ನ ಕೇಳ್ಲಿ ಮೇಡಂ? ಐದ್ ವಾರದಿಂದ ನೀವೇ ಬೆನ್ನು ಅಂತಿದ್ರಿ.”

“ಆಪರೇಷನ್ ಬಿಡಿ ಅಂತ ನಾನ್ ಹೇಳ್ತಿಲ್ಲ. ನರಕ್ಕೆ ಸಣ್ಣದಾಗಿ ಕರೆಂಟು ಕೊಟ್ಟು ಎಲ್ಲಿ ತಡೆ ಆಗಿದೆ ಅಂತ ನೋಡೋ ಪರೀಕ್ಷೆ ಒಂದಿದೆ. ಅದೊಂದು ಆಗ್ಲಿ. ಬೆನ್ನೇ ಅಂತ ಬಂದ್ರೆ ನಾನೇ ನಿಮ್ಮ ಜೊತೆ ಆಸ್ಪತ್ರೆಗೆ ಬರ್ತೀನಿ.”

“ಡಾಕ್ಟ್ರು ಬರ್ಕೊಟ್ರೆ ಮಾಡಿಸ್ತೀನಿ.”

ವಾಪಸ್ ಬಸ್ಸಿನಲ್ಲಿ ಇಡೀ ದಾರಿ ನಾನು ಮನಸ್ಸಿನಲ್ಲೇ ಮೂಳೆ ಡಾಕ್ಟರ ಜೊತೆ ಜಗಳವಾಡಿದೆ, ಎಲ್ಲದರಲ್ಲೂ ನಾನೇ ಗೆದ್ದೆ. ನಮಗೆ ಬರುವ ಹತ್ತು ಜನರಲ್ಲಿ ಆರೇಳು ಜನರನ್ನು ಕಳಿಸುವವರು ಅವರೇ. ಅವರ ಚೀಟಿ ತಪ್ಪು ಎಂದು ಅವರಿಗೇ ಹೇಳಿದ ಫಿಸಿಯೋ ಈ ಊರಿನಲ್ಲಿ ಇದ್ದಂತೆ ನನಗೆ ನೆನಪಿಲ್ಲ. ಒಂದು ಪತ್ರ ಬರೆದು ಗಂಡನ ಕೈಯಲ್ಲಿ ಕೊಟ್ಟು ಕಳಿಸಿದರೆ ಹೇಗೆ ಎಂದು ಯೋಚಿಸಿದೆ. ಪತ್ರವನ್ನು ಬರೆದೂ ಬರೆದೆ. ಬಸ್ಸಿಳಿದ ಮೇಲೆ ಅದನ್ನು ಹರಿದು ಹಾಕಿ ನೇರ ಅವರ ಆಸ್ಪತ್ರೆಗೆ ನಡೆದೆ. ಮೊದಲು ಹೆದರಿ ಕೇಳದೆ ಬಿಟ್ಟದ್ದು ಸಾಕಾಗಿತ್ತು.

ಹೊರಗೆ ಬೆಂಚಿನ ತುಂಬ ಜನ. ಒಂದೂವರೆ ಗಂಟೆ ಕಾದ ಮೇಲೆ ಒಳಗೆ ಕರೆದರು.

“ಏನಮ್ಮ, ನೀನೇ ಬಂದ್ಬಿಟ್ಟಿದೀಯ.”

ಹೇಳಿದೆ. ಸ್ಟೂಲಿನ ವಿಷಯದಿಂದ ಶುರು ಮಾಡಿ ಗಡಿಬಿಡಿಯಲ್ಲಿ ಹಿಂದುಮುಂದಾಗಿ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಸ್ಕ್ಯಾನಲ್ಲಿ ಡಿಸ್ಕ್ ಇದೆ ಕಣಮ್ಮ. ಕಣ್ಣಿಗೆ ಕಾಣ್ತಿದೆ.”

“ಇದೆ ಸರ್. ಆದ್ರೆ ಕಾಲು ಬೀಳಿಸಿರೋದು ಅದೇನಾ ಅಂತ. ಈ ವಯಸ್ಸಲ್ಲಿ ಯಾರ ಬೆನ್ನು ಸ್ಕ್ಯಾನ್ ಮಾಡಿದ್ರೂ ಇಷ್ಟು ಸಿಗತ್ತಲ್ವಾ ಸರ್.”

“ಐದು ವಾರ ನಿನ್ ಹತ್ರಾನೇ ಬಂದಿದಾರೆ. ಸೊಂಟ ಕುಸೀತಿದೆ ಅಂತ ನೀನೇ ರಿಪೋರ್ಟ್ ಕಳ್ಸಿದೀಯ. ಈಗ ಬಂದು ಇಲ್ಲ ಅಂತೀಯ?”

ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಯಾವ ಮಾತೂ ಇದಕ್ಕೆ ಉತ್ತರವಾಗಿರಲಿಲ್ಲ. “ಅದು ನಾನ್ ತಪ್ಪು ನೋಡಿದ್ದು ಸರ್. ಬಟ್ಟೆ ಮೇಲೆ ನೋಡಿ ಬರೆದ್ಬಿಟ್ಟೆ. ಸ್ಪ್ಲಿಂಟ್ ಪಟ್ಟೀನೂ ನರದ ಮೇಲೇ ಕಟ್ಟಿಸಿದ್ದೆ. ಈಗ ಸರಿಯಾಗಿ ನೋಡಿದೀನಿ, ನೀವೂ ಒಂದ್ಸಲ ನೋಡಿ.”

ಫೋನು ಮುಂದಿಟ್ಟೆ. ವಿಡಿಯೋದಲ್ಲಿ ಮುಖ ಕಾಣುವುದಿಲ್ಲ, ಡಾಕ್ಟರಿಗೆ ತೋರಿಸಲು ಆಕೆಯ ಒಪ್ಪಿಗೆಯನ್ನೂ ಕೇಳಿಕೊಂಡು ಬಂದಿದ್ದೆ. ಅವರು ಮೊದಲ ಸಲ ಅಸಡ್ಡೆಯಿಂದ ನೋಡಿದರು. ಎರಡನೇ ಸಲ ಕನ್ನಡಕ ಹಾಕಿಕೊಂಡು ನೋಡಿದರು. ಮೂರನೇ ಸಲ ತಾವೇ ಬೆರಳಿಟ್ಟು ನಿಲ್ಲಿಸಿ ನಿಲ್ಲಿಸಿ ನೋಡಿದರು. ಪಾದ ಒಳಕ್ಕೆ ತಳ್ಳುವ ಬಲ ಎಷ್ಟಿದೆ ಎಂದು ಕೇಳಿದರು. ಐದಕ್ಕೆ ಐದು ಎಂದೆ. ಚೀಟಿ ಎಳೆದುಕೊಂಡು ನರದ ಪರೀಕ್ಷೆಗೆ ಬರೆದರು.

“ಡೇಟ್ ಕ್ಯಾನ್ಸಲ್ ಮಾಡಿ ಅಂತ ನಾನ್ ಹೇಳಲ್ಲ. ರಿಪೋರ್ಟ್ ಬರ್ಲಿ. ನೀನ್ ಹೇಳಿದ್ದು ತಪ್ಪಾದ್ರೆ ಮತ್ತೆ ಈ ಥರ ಬರ್ಬೇಡ.”

ಬೆಂಗಳೂರಿನಲ್ಲಿ ಪರೀಕ್ಷೆಗೆ ದಿನ ಸಿಕ್ಕಿದ್ದು ಐದು ದಿನ ಬಿಟ್ಟು. ಆ ಐದು ದಿನ ನಾನು ಬೇರೆಯವರ ಮಂಡಿಗೆ ಹಚ್ಚಬೇಕಾದ ಜೆಲ್ಲನ್ನು ಭುಜಕ್ಕೆ ಹಚ್ಚಲು ಹೋದೆ. ಫೋನು ಸದ್ದು ಮಾಡಿದರೆ ಸಾಕು, ರೋಗಿಯ ಕಾಲನ್ನು ಅರ್ಧ ಎತ್ತಿದಲ್ಲೇ ಬಿಟ್ಟು ಓಡುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಗಂಡ ರಿಪೋರ್ಟಿನ ಫೋಟೋ ಕಳಿಸಿದರು. ನರದ ತಡೆ ಇದ್ದದ್ದು ಎಡ ಮಂಡಿಯ ಹೊರಮಗ್ಗುಲಲ್ಲಿ. ಬೆನ್ನಿನ ಬೇರಿಗೆ ಸೇರಿದ ಉಳಿದ ಸ್ನಾಯುಗಳೆಲ್ಲ ಸರಿಯಾಗಿದ್ದವು. ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಸರ್ಜನ್ನರೇ ಬೇಡ ಎಂದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗೂಡು ಆರಿಸಲು ಹಜಾರದಲ್ಲಿ ಎತ್ತರದ ಮೇಜು ಹಾಕಿಸಿದರು. ಗೂಡು ಉರುಳಿ ಬೀಳುತ್ತವೆ ಎಂದು ಅತ್ತೆ ಎರಡು ದಿನ ಗೊಣಗಿದರು, ಅಂಚಿಗೆ ಮರದ ಪಟ್ಟಿ ಹೊಡೆಸಿದ ಮೇಲೆ ಅವರೇ ಮೊದಲು ಕುರ್ಚಿ ಎಳೆದುಕೊಂಡು ಕೂತರಂತೆ. ಬೆನ್ನಿನ ವ್ಯಾಯಾಮ ನಿಲ್ಲಿಸಿದೆವು. ಪಾದ, ಬೆರಳು, ನಡಿಗೆ, ಇಷ್ಟೇ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಮಿಡಿತ ಬಂತು. ಆಮೇಲೆ ಒಂದು ದಿನ ಮಲಗಿದ್ದ ಹಾಗೆಯೇ ಪಾದ ಒಂದಿಷ್ಟು ಎದ್ದು, ನಡುಗಿ, ಬಿತ್ತು. ಇನ್ನೊಂದು ಸಲ ಮಾಡಿ ನೋಡಿದೆವು. ಮೂರು ತಿಂಗಳು ತುಂಬುವ ಹೊತ್ತಿಗೆ ಸ್ಪ್ಲಿಂಟು ಬಿಟ್ಟು, ಹಿಮ್ಮಡಿ ಮೊದಲು ಊರಿ ಸರಾಗವಾಗಿ ನಡೆಯುತ್ತಿದ್ದರು.

ಹೆಬ್ಬೆರಳು ಮಾತ್ರ ಏಳಲಿಲ್ಲ. ಉಳಿದ ನಾಲ್ಕು ಬೆರಳು ಮೇಲೇಳುತ್ತಿದ್ದವು, ಅದೊಂದು ಕೆಳಗೇ ಉಳಿಯುತ್ತಿತ್ತು. ಇನ್ನೂ ಎರಡು ತಿಂಗಳು ಕಾದೆವು. ಕೊನೆಯ ದಿನ ಆಕೆ ಚಪ್ಪಲಿಗೆ ಪಾದ ತೂರಿಸುವಾಗ ಬಗ್ಗಿ ಹೆಬ್ಬೆರಳನ್ನು ಕೈಯಲ್ಲಿ ಎತ್ತಿ ಉಂಗುಷ್ಠದೊಳಗೆ ಹಾಕಿಕೊಂಡರು. ನಾನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

“ಮೊದಲ್ನೇ ದಿನಾನೇ ಗೊತ್ತಾಗಿದ್ರೆ ಇದೂ ಬರ್ತಿತ್ತಾ ಡಾಕ್ಟ್ರಮ್ಮ?”

ನರದ ವಿಷಯ ಇಂಥದ್ದೇ ಎಂದು ಹೇಳಲಾಗುವುದಿಲ್ಲ, ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಈ ಮಾತು ಬಾಯ ತುದಿಯಲ್ಲೇ ಇತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ.

“ಬರ್ತಿತ್ತು ಅನ್ಸತ್ತೆ,” ಎಂದೆ. “ಐದು ವಾರ ನೀವು ಹಂಗೇ ಕೂರ್ತಾ ಇದ್ರಿ, ನಾನು ಕೇಳ್ಲಿಲ್ಲ. ಅದರ ಮೇಲೆ ಪಟ್ಟಿ ಬೇರೆ ಬಿಗಿಯಾಗಿ ಕಟ್ಟಿಸ್ದೆ. ತಪ್ಪು ನಂದೇ.”

ಆಕೆ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡರು. ಬೈಯುತ್ತಾರೆ ಎಂದು ನಾನು ಕಾದೆ, ಬೈದರೆ ಒಳ್ಳೆಯದು ಎಂದೂ ಅನ್ನಿಸಿತು.

“ಹೇಳಿದ್ದು ಒಳ್ಳೇದಾಯ್ತು,” ಎಂದರು. “ನೀವು ಅವತ್ತು ಬೈದ್ಮೇಲೆ ನಾನು ಮನೇಲಿ ದಿನಾ ಎರಡರ ಬದಲು ನಾಲ್ಕ್ ಸಲ ಮಾಡ್ತಿದ್ದೆ. ಆದ್ರೂ ಬರ್ಲಿಲ್ವಲ್ಲ, ನಾನೇ ಏನೋ ಸರಿಯಾಗಿ ಮಾಡ್ತಿಲ್ಲ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ.”